ಬೈದವರು ಯಾರ ಕಡೆ

ಹೈಕೋರ್ಟಿನ ಪೀಠ ಧಾರವಾಡಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿ ಜಡ್ಜ್ ಸಾಹೇಬರು ಅರ್ಧ ತಾಸು ಗುಡುಗಿದ್ದು ಶೆಟ್ಟೆವ್ವನ ವಕೀಲ ಭೀಮೇಶನ ಮೇಲೆಯೇ. ಎದುರಿನ ವಕೀಲರಿಗೆ ಒಂದೂ ಪ್ರಶ್ನೆಯಿಲ್ಲ. ನಕ್ಕು, ಕೂರಿ ಎಂದರು, ಅಷ್ಟೇ. ತೀರ್ಪು ಮುಂದಿನ ವಾರ. ಹೊರಗೆ ಬರುವಷ್ಟರಲ್ಲಿ ಶೆಟ್ಟೆವ್ವನ ಗಂಡ ಮುರಿಗೆಪ್ಪನ ಮುಖ ಹರಳೆಣ್ಣೆ ಕುಡಿದಂತಾಗಿತ್ತು.

“ಮುಗೀತ ಬಿಡು. ಧುಪದಾಳದ ಹೊಲಾ ನಿಮ್ಮಣ್ಣಂದ ಆತು.”

ಹನ್ನೊಂದು ವರ್ಷದ ಜಗಳ ಅದು. ಅಪ್ಪ ಸತ್ತಾಗ ಅಣ್ಣ ಮಾಳಪ್ಪ ಒಂದು ಕಾಗದಕ್ಕೆ ತಂಗಿಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಖಾತೆಯಿಂದ ಅಪ್ಪನ ಹೆಸರು ತೆಗೆಸಲಿಕ್ಕೆ ಎಂದಿದ್ದ. ಕಾಗದದಲ್ಲಿ ಅವಳು ತನ್ನ ಪಾಲು ಬಿಟ್ಟುಕೊಟ್ಟಿದ್ದಾಳೆ ಎಂದಿತ್ತು. ಗೋಕಾಕ ಕೋರ್ಟಿನಲ್ಲಿ ಅವಳ ಪರವಾಗಿ ಕಟಕಟೆ ಹತ್ತಿದವನು ಮುರಿಗೆಪ್ಪ. ಹೆಣ್ಣುಮಗಳು ಕೋರ್ಟಿನಲ್ಲಿ ನಿಂತು ಮಾತಾಡುವುದೇ? ಮೂಡಲಗಿಯ ಮರ್ಯಾದಸ್ಥರ ಮನೆಯಲ್ಲಿ ಆ ಪದ್ಧತಿ ಇಲ್ಲ. ಮಹಾರಾಯ ಮನಸಾರೆ ಮಾತಾಡಿ, ಮೀಸೆ ತಿರುವುತ್ತ ಇಳಿದು, ಕೇಸು ಸೋತಿದ್ದ.

ಈಗ ಮಾಳಪ್ಪ ತಾನಾಗಿಯೇ ಹತ್ತಿರ ಬಂದ. ಅವನ ವಕೀಲರು ಕಿವಿಯಲ್ಲಿ ಏನೋ ಪಿಸುಗುಟ್ಟಿ ಕಳಿಸಿದ್ದರು.

“ಅರ್ಧ ಎಕರೆ ಕೊಡ್ತೇನಿ ಶೆಟ್ಟೆವ್ವಾ. ಇವತ್ತ ರಾಜಿ ಆಗೂಣು. ನಾಳೆ ಅದೂ ಸಿಗಂಗಿಲ್ಲ.”

ಮುರಿಗೆಪ್ಪ ಆಗಲೇ ತಲೆಯಾಡಿಸಿದ್ದ. ಶೆಟ್ಟೆವ್ವನಿಗೆ ಮಾತ್ರ ಒಂದು ಕುತೂಹಲ ಕೊರೆಯುತ್ತಿತ್ತು. ಇಂಗ್ಲಿಷ್ ತಿಳಿಯದಿದ್ದರೇನು, ಸಾಹೇಬರು ಬೈಯುವಾಗ ನಾಲ್ಕು ಸಲ ಕನ್ನಡಕ ಸರಿಸಿ ತನ್ನತ್ತ ನೋಡಿದ್ದನ್ನು ಅವಳು ಕಂಡಿದ್ದಳು.

“ವಕೀಲ್ರ, ಬೈದದ್ದು ಇರಲಿ. ಸಾಹೇಬ್ರು ಕೇಳಿದ್ದೇನು, ಅಷ್ಟ ಹೇಳ್ರಿ.”

ಭೀಮೇಶ ಬೆವರು ಒರೆಸಿಕೊಂಡ. “ಹೆಬ್ಬೆಟ್ಟ ಒತ್ತುವಾಗ ಅಣ್ಣ ಏನ್ ಹೇಳಿದಾ ಅಂತ ಗಂಡಗ ಹೆಂಗ ಗೊತ್ತು, ಆಕೀನ್ನ ಯಾಕ ಕೇಳಲಿಲ್ಲ? ತಿರುಗಾಮುರುಗಾ ಇದೊಂದ ಕೇಳಿದ್ರವ್ವಾ.”

“ಅಣ್ಣನ ವಕೀಲ್ರಿಗೆ?”

“ಏನೂ ಕೇಳಲಿಲ್ಲ.”

ಶೆಟ್ಟೆವ್ವ ನಕ್ಕು ಅಣ್ಣನತ್ತ ತಿರುಗಿದಳು. ಹನ್ನೊಂದು ವರ್ಷದಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ, ಕಟ್ಟಿಕೊಂಡ ಗಂಡ ಕೂಡ.

“ದನದ ಸಂತ್ಯಾಗ ಎತ್ತ ಕೊಳ್ಳಾವ ನೂರಾಎಂಟ ಐಬ ಹುಡುಕ್ತಾನ. ಛಲೋ ಐತಿ ಅಂದಾವ ಮುಂದ ಹೋಗ್ತಾನ. ರಾಜಿ ಬ್ಯಾಡ ಅಣ್ಣಾ.”

ಕೋರ್ಟೇನು ದನದ ಸಂತೆಯೇ ಎಂದು ಮುರಿಗೆಪ್ಪ ಬಸ್ಸಿನುದ್ದಕ್ಕೂ ಗೊಣಗಿದ.

ತೀರ್ಪು ಬಂತು. ಪೂರ್ತಿ ಗೆಲುವಲ್ಲ, ಸೋಲಂತೂ ಅಲ್ಲ: ಹಳೆಯ ತೀರ್ಪು ರದ್ದು, ಕೇಸು ಮರಳಿ ಗೋಕಾಕಕ್ಕೆ, ಶೆಟ್ಟೆವ್ವನ ಸಾಕ್ಷಿಯನ್ನೇ ಪಡೆಯತಕ್ಕದ್ದು.

ಈ ಸಲ ಗೋಕಾಕದ ಕಟಕಟೆಯಲ್ಲಿ ಸೆರಗು ಹೊದ್ದು ನಿಂತವಳು ಶೆಟ್ಟೆವ್ವ. ಆ ದಿನ ಅಣ್ಣ ಏನು ಹೇಳಿದ ಎಂದು ಭೀಮೇಶ ಕೇಳಿದ. ಹಿಂದಿನ ಬೆಂಚಿನಿಂದ ಮುರಿಗೆಪ್ಪ ಎದ್ದೇಬಿಟ್ಟ.

“ಸಾಹೇಬ್ರ, ಅದು ಏನಾತಂದ್ರ...”

“ನೀವು ಕುಂದರ್ರಿ,” ಎಂದಳು ಶೆಟ್ಟೆವ್ವ. “ನನ್ನ ಕೇಳ್ಯಾರ.”