ಶುಕ್ರವಾರದ ಫೋನು

ಕುವೈತಿನಿಂದ ಬಂದ ಆರನೇ ದಿನ ಬೆಳಿಗ್ಗೆ ಪ್ರತಿಮಾ ಹಿತ್ತಲಿನಿಂದ ಒಳಗೆ ಬಂದಾಗ ಮಗಳು ಗಾನವಿ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡೇ ರೊಟ್ಟಿ ತಿನ್ನುತ್ತಿದ್ದಳು. ತಟ್ಟೆಯನ್ನು ಎದೆಯ ಹತ್ತಿರ ಹಿಡಿದಿದ್ದಳು. ಸದ್ದಾಗದಂತೆ ಸಣ್ಣಸಣ್ಣ ತುತ್ತು ಮುರಿಯುತ್ತಿದ್ದಳು. ಕಣ್ಣು ಬಾಗಿಲ ಮೇಲಿತ್ತು.

"ಕೂತ್ಕೊಂಡು ತಿನ್ನೇ. ಅದ್ಯಾಕೆ ಹಂಗೆ ನಿಂತಿದೀಯ?"

"ನೀನು ಹಿಂಗೇ ಅಲ್ವಾ ತಿನ್ನೋದು? ಅಭ್ಯಾಸ ಮಾಡ್ಕೊತಿದೀನಿ," ಎಂದು ಗಾನವಿ ನಕ್ಕಳು.

"ಯಾತಕ್ಕೆ ಅಭ್ಯಾಸ?"

ಗಾನವಿ ನಡುಮನೆಯ ಕಡೆ ನೋಡಿದಳು. ಅಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಪ್ರತಿಮಾಳ ಅತ್ತೆ ಯಲ್ಲಮ್ಮ ಮೊರವನ್ನು ಪಕ್ಕಕ್ಕಿಟ್ಟರು. "ಬಂದ ತಕ್ಷಣ ಹೇಳೋದು ಬ್ಯಾಡ ಅಂತ ಸುಮ್ನಿದ್ವಿ ಕಣೇ ಪ್ರತಿಮಾ. ತರೀಕೆರೆ ಅನಿತಾ ಇಲ್ವಾ, ಹೆಣ್ಣುಮಕ್ಕಳನ್ನ ಫಾರಿನ್ನಿಗೆ ಕಳಿಸ್ತಾಳಲ್ಲ, ಅವಳು ಎಲ್ಲಾ ಮಾಡಿಕೊಡ್ತಾ ಅವ್ಳೆ. ಭಾನುವಾರ ಬತ್ತಾಳೆ. ಪಾಸ್‌ಪೋರ್ಟ್ ಕೈಗೆ ಕೊಟ್ರೆ ಆಯ್ತು. ದಸರಾ ಕಳೆದ ಮೇಲೆ ಗಾನವಿ ವಿಮಾನ ಹತ್ತೋದೇ."

"ಏನು ಕೆಲಸಕ್ಕೆ?"

"ಮನೇಲಿ ಮಕ್ಕಳು ನೋಡ್ಕೊಳೋದಂತೆ. ನೀನು ಮಾಡ್ಲಿಲ್ವಾ?"

"ಬೇಡ ಅತ್ತೆ," ಎಂದಳು ಪ್ರತಿಮಾ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಯಲ್ಲಮ್ಮನಿಗೆ ಕೇಳಿಸಲಿಲ್ಲ. ಕೇಳಿಸಿಕೊಂಡವಳು ಗಾನವಿ. ಅವಳ ನಗು ನಿಂತುಹೋಯಿತು.

"ಯಾಕೆ ಬೇಡ?"

ಪ್ರತಿಮಾ ನೀರಿನ ಚೆಂಬು ಕೈಗೆತ್ತಿಕೊಂಡಳು. ಐದು ವರ್ಷ ಅವಳು ಮನೆಗೆ ಫೋನು ಮಾಡಿದ್ದು ಶುಕ್ರವಾರಗಳಲ್ಲಿ. ಅಲ್ಲಿ ಅದು ರಜಾದಿನ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮೇಡಂ ಅರ್ಧ ಗಂಟೆ ಫೋನು ಕೊಡುತ್ತಿದ್ದರು. ಅರ್ಧ ಗಂಟೆಯಲ್ಲಿ ಅಳುವುದಕ್ಕೆ ಜಾಗ ಎಲ್ಲಿ? ಚೆನ್ನಾಗಿದೀನಿ, ಊಟ ಆಯ್ತು, ಏಸಿ ಇದೆ, ಮೇಡಂ ಒಳ್ಳೆಯವರು. ಇಷ್ಟನ್ನೇ ತಿರುಗಿಸಿ ಮುರುಗಿಸಿ ಐದು ವರ್ಷ ಹೇಳಿದ್ದಳು. ಇಲ್ಲಿಯವರು ಚಿಂತೆ ಮಾಡಬಾರದೆಂದು ಹೇಳಿದ್ದು ಅದು. ಇಲ್ಲಿಯವರು ಚಿಂತೆ ಮಾಡಲೂ ಇಲ್ಲ.

ಬಂದಾಗಿನಿಂದ ಮನೆಯೊಳಗೆ ಅವಳ ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೆ ತುದಿಯಲ್ಲಿ ಕೂರುತ್ತಿದ್ದಳು. ಯಾರದಾದರೂ ಫೋನು ರಿಂಗಾದರೆ ಎದ್ದು ನಿಲ್ಲುತ್ತಿದ್ದಳು. ಸ್ನಾನಕ್ಕೆ ಹೋಗಲಾ ಎಂದು ಅತ್ತೆಯನ್ನು ಕೇಳುತ್ತಿದ್ದಳು. ಅಂಗಡಿಗೆ ಹೋಗಿ ಬರಲಾ ಎಂದು ಗಂಡ ತಿಪ್ಪೇಶನನ್ನು ಕೇಳುತ್ತಿದ್ದಳು. ಯಲ್ಲಮ್ಮನಿಗೆ ಇದರಿಂದ ಹಿಗ್ಗೋ ಹಿಗ್ಗು. ಬಂದವರಿಗೆಲ್ಲ ಹೇಳುವರು: "ಮುಂಚೆ ಎಂಥಾ ಬಾಯಿಬಡುಕಿ ಇದ್ಳು ಗೊತ್ತಲ್ಲ. ಈಗ ಕೇಳ್ದೆ ಹೊಸ್ಲು ದಾಟಲ್ಲ. ಆ ಜನ ಎಷ್ಟು ಚೆಂದಾಗಿ ಕಲಿಸವ್ರೆ ನೋಡು."

ಈಗ ಗಾನವಿ ಅದನ್ನೇ ಕಲಿಯುತ್ತಿದ್ದಾಳೆ ಎಂದು ಪ್ರತಿಮಾಳಿಗೆ ಹೊಳೆದಾಗ ಕೈಯಲ್ಲಿದ್ದ ಚೆಂಬನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಗುರುವಾರ ತಿಪ್ಪೇಶ ಹೊಲದಿಂದ ಈರುಳ್ಳಿ ತಂದು ಅಂಗಳದಲ್ಲಿ ಸುರಿದ. ಅಜ್ಜಂಪುರದ ಕಡೆ ಆ ತಿಂಗಳು ಎಲ್ಲರ ಅಂಗಳದಲ್ಲೂ ಅದೇ ರಾಶಿ, ಅದೇ ಘಾಟು. ಒಣಗಿದ ಬಾಲ ಕೊಯ್ದು ಚೀಲಕ್ಕೆ ತುಂಬಲು ನಾಲ್ಕು ಜನ ಹೆಂಗಸರು ಬಂದರು. ಎದುರುಮನೆ ಮಾರಮ್ಮ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ ಕೂತಳು.

"ಏನಮ್ಮಾ ಕುವೈತ್ ಮೇಡಂ, ನಮ್ಮ ಈರುಳ್ಳಿ ನಿನ್ ಕಣ್ಣಿಗೆ ಕಾಣುತ್ತಾ ಇನ್ನೂ?"

"ಕಾಣದಿದ್ರೂ ಕಣ್ಣೀರಂತೂ ಬರುತ್ತೆ ಬಿಡು ಮಾರಕ್ಕ."

ಹೆಂಗಸರು ನಕ್ಕರು. ಪ್ರತಿಮಾಳೂ ನಕ್ಕಳು. ಬಂದ ಮೇಲೆ ಇಷ್ಟು ಹಗುರವಾಗಿ ನಕ್ಕದ್ದು ಅದೇ ಮೊದಲು.

"ಅಲ್ಲೇನು ನೀನು ಈರುಳ್ಳಿ ಹೆಚ್ತಿದ್ಯಾ, ಇಲ್ಲ ಅದಕ್ಕೂ ಮಿಷನ್ನಾ?" ಎಂದಳು ಮಾರಮ್ಮ. "ನನ್ ತಮ್ಮನ ಮಗಳು ದೇವನೂರಲ್ಲಿ ಅವ್ಳಲ್ಲ, ಅವಳೂ ಹೋಗ್ತಾ ಅವ್ಳೆ ಕಣೇ, ನಿನ್ ಮಗಳ ಜೊತೆಗೇ. ಮೊದಲು ಅಯ್ಯೋ ನಾ ಒಲ್ಲೆ ಅಂತಿದ್ಳು. ನಿಮ್ ಗಾನವಿ ಆ ವಿಡಿಯೋ ತೋರಿಸಿದ್ಳು ನೋಡು, ನೀನು ಇಡೀ ಮನೆ ತೋರ್ಸಿದ್ಯಲ್ಲ, ಅದ್ ನೋಡಿ ಒಪ್ಕೊಂಡ್ಬಿಟ್ಳು."

"ಯಾವ ವಿಡಿಯೋ?"

"ತಿಂಗಳಿಂದ ಊರೆಲ್ಲಾ ನೋಡೈತೆ, ಇವಳಿಗೆ ಗೊತ್ತಿಲ್ವಂತೆ!"

ಪ್ರತಿಮಾಳ ಕೈಯಲ್ಲಿದ್ದ ಕುಡುಗೋಲು ಈರುಳ್ಳಿಯ ಬಾಲ ಬಿಟ್ಟು ಗೆಡ್ಡೆಯನ್ನೇ ಸೀಳಿತು.

ಮಧ್ಯಾಹ್ನ ಅವಳು ಗಾನವಿಯ ಹತ್ತಿರ ಕೇಳಿದಳು. ಗಾನವಿ ಸಂಕೋಚಪಡಲಿಲ್ಲ. ಪಕ್ಕದಲ್ಲಿ ಒತ್ತಿಕೊಂಡು ಕೂತು ಫೋನು ತೆಗೆದಳು. ಎರಡು ವರ್ಷದ ಹಿಂದಿನ ಶುಕ್ರವಾರದ ಕಾಲ್. ಅವತ್ತು ರೆಕಾರ್ಡ್ ಮಾಡಿಟ್ಟುಕೊಂಡಿದ್ದಳಂತೆ. ತೆರೆಯಲ್ಲಿ ಮೊದಲು ಪ್ರತಿಮಾಳ ಮುಖ ಬಂತು, ಬೆವೆತ ಮುಖ. ಯಲ್ಲಮ್ಮನ ದನಿ: "ಏನೇ, ಹಿಂಗೆ ಬೆವತಿದೀಯ?" "ಏಸಿ ಆಫ್ ಮಾಡಿದೀನಿ ಅತ್ತೆ. ಇರಿ, ಮನೆ ತೋರಿಸ್ತೀನಿ." ಆಮೇಲೆ ಮುಖವಿಲ್ಲ. ಬಿಳಿ ಸೋಫಾ, ಉದ್ದದ ಪರದೆ, ಗಾಜಿನ ಮೇಜು, ಮಕ್ಕಳ ಕೋಣೆ, ಆಕಾಶ ತುಂಬಿದ ಕಿಟಕಿ. ಹನ್ನೆರಡು ನಿಮಿಷ.

"ಕಡೂರಿನ ಬಟ್ಟೆ ಅಂಗಡೀಲಿ ಎಂಟು ತಿಂಗಳು ನಿಂತಿದ್ನಲ್ಲಮ್ಮ," ಎಂದಳು ಗಾನವಿ. "ಬಂದೋರಿಗೆಲ್ಲ ಸೀರೆ ಬಿಚ್ಚಿ ತೋರಿಸಿ, ಸಾಯಂಕಾಲ ಮಡಚಿಡೋದು. ಬಿ.ಕಾಂ ಓದಿ. ಮನೆಗೆ ಬಂದು ಇದನ್ನ ನೋಡ್ತಿದ್ದೆ. ಇನ್ನೊಂದು ಕಡೆ ಬದುಕೇ ಬೇರೆ ತರ ಇದೆ ಅಂತ ಅನಿಸ್ತಿತ್ತು."

ಮಗಳ ಭುಜ ತನ್ನ ಭುಜಕ್ಕೆ ತಾಗಿತ್ತು. ಐದು ವರ್ಷ ಪ್ರತಿಮಾ ಕನವರಿಸಿದ್ದು ಇದಕ್ಕಾಗಿ. ನಿಜ ಹೇಳಿದರೆ ಈ ಭುಜ ದೂರ ಸರಿದುಬಿಡುತ್ತದೆ ಎಂದು ಗೊತ್ತಿದ್ದರಿಂದ ಅವತ್ತು ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ಹೇಳಿದ್ದು ಶನಿವಾರ, ಊಟವಾದ ಮೇಲೆ, ಮೂವರೂ ನಡುಮನೆಯಲ್ಲಿದ್ದಾಗ.

"ಆ ವಿಡಿಯೋ ಮಾಡಿದ ದಿನ ಮನೇಲಿ ಯಾರೂ ಇರ್ಲಿಲ್ಲ," ಎಂದಳು. "ಮೇಡಂ, ಸಾರ್, ಮಕ್ಕಳು ಎಲ್ಲಾ ಹಬ್ಬಕ್ಕೆ ಬೇರೆ ದೇಶಕ್ಕೆ ಹೋಗಿದ್ರು. ಹನ್ನೊಂದು ದಿನ. ಹೊರಗಿಂದ ಬೀಗ ಹಾಕ್ಕೊಂಡು ಹೋಗಿದ್ರು."

ತಿಪ್ಪೇಶ ಎಲೆಗೆ ಸುಣ್ಣ ಸವರುತ್ತಿದ್ದವನು ತಲೆಯೆತ್ತಿದ.

"ಫೋನು ಯಾಕೆ ಬಿಟ್ಟೋಗಿದ್ರು ಅಂದ್ರೆ ಬೆಕ್ಕಿಗೆ ಊಟ ಹಾಕಿದ್ಯಾ ಅಂತ ಕೇಳೋಕೆ. ಒಂಬತ್ತನೇ ಮಹಡಿ. ಕಿಟಕಿ ತೆರೆಯೋ ಹಂಗಿರ್ಲಿಲ್ಲ. ಏಳನೇ ದಿನ ಬಿಲ್ಡಿಂಗಿನಲ್ಲಿ ಬೆಂಕಿ ಗಂಟೆ ಹೊಡ್ಕೊಳ್ತು. ಜನ ಎಲ್ಲಾ ಮೆಟ್ಟಿಲಿಳಿದು ಓಡ್ತಿದ್ದದ್ದು ಕೇಳಿಸ್ತಿತ್ತು. ಮಕ್ಕಳು ಅಳ್ತಿದ್ದದ್ದು ಕೇಳಿಸ್ತಿತ್ತು. ನಾನು ಬಾಗಿಲು ಬಡಿದೆ. ಕೈಯಲ್ಲಿ ಬಡಿದೆ, ಕುರ್ಚಿ ತಗೊಂಡು ಬಡಿದೆ. ಮೇಡಂಗೆ ಫೋನು ಮಾಡಿದ್ರೆ ಎತ್ತಲಿಲ್ಲ. ಆಮೇಲೆ ಹೆಜ್ಜೆ ಸದ್ದು ನಿಂತೋಯ್ತು. ಗಂಟೆ ಮಾತ್ರ ಹೊಡ್ಕೊಳ್ತಿತ್ತು. ಇಡೀ ಬಿಲ್ಡಿಂಗಿನಲ್ಲಿ ನಾನು, ಬೆಕ್ಕು."

ಅವಳು ಉಸಿರೆಳೆದುಕೊಂಡಳು. "ಗಂಟೆ ನಿಂತ ಮೇಲೆ ನಿಮ್ಮ ದನಿ ಕೇಳ್ಬೇಕು ಅನಿಸ್ತು. ಕಾಲ್ ಮಾಡಿದೆ. ಅತ್ತೆ ಬೆವರು ನೋಡಿಬಿಟ್ರು. ಮುಖ ಕಾಣಿಸ್ಬಾರ್ದು ಅಂತ ಮನೆ ತೋರಿಸ್ತಾ ಹೋದೆ. ಅಷ್ಟೇ."

ಹೊರಗೆ ಈರುಳ್ಳಿ ಚೀಲದ ಮೇಲೆ ಕೋಳಿ ಹತ್ತಿ ಕೆದಕುತ್ತಿತ್ತು.

ಗಾನವಿ ಕೇಳಿದಳು: "ಬೆಂಕಿ ಹತ್ತಿತ್ತಾ?"

"ಇಲ್ಲ. ಯಾರದೋ ಅಡುಗೆಮನೆ ಹೊಗೆಯಂತೆ."

"ಮತ್ತೆ?"

"ಮತ್ತೆ ಅಂದ್ರೆ?"

"ಏನೂ ಆಗ್ಲಿಲ್ವಲ್ಲ," ಎಂದ ತಿಪ್ಪೇಶ. "ನೀನು ಬಂದ್ಯಲ್ಲ ವಾಪಸ್ಸು. ಅವಳೂ ಬತ್ತಾಳೆ." ಎಲೆ ಮಡಚಿ ಬಾಯಿಗಿಟ್ಟುಕೊಂಡ. ಅಗಿಯುತ್ತ ಅಗಿಯುತ್ತ ಅವನ ದವಡೆ ನಿಧಾನವಾಯಿತು. "ಹನ್ನೊಂದ್ ದಿನ ಒಬ್ಳೇ ಇದ್ಯಾ?"

"ಹೂಂ."

"ಒಬ್ಳೇ?"

ಅವನು ಎರಡನೇ ಸಲ ಕೇಳಿದ ರೀತಿಗೆ ಪ್ರತಿಮಾ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಯಲ್ಲಮ್ಮ ಎದ್ದು ಹೋಗಿ ಮುಂಬಾಗಿಲು ಮುಂದೆ ಮಾಡಿ ಬಂದರು.

"ಈ ಮಾತು ಇಲ್ಲಿಗೇ ನಿಲ್ಲಲಿ," ಎಂದರು. "ಮಾರಮ್ಮನ ಕಿವಿಗೆ ಬಿದ್ರೆ ಮುಗೀತು. ಬೀಗ ಹಾಕಿದ್ರು ಅಂದ್ರೆ ಜನ ಬೀಗದ ಮಾತಾಡಲ್ಲ. ಯಾಕೆ ಹಾಕಿದ್ರು, ಇನ್ನೇನೇನು ಆಯ್ತು ಅಂತಾರೆ. ನಾಳೆ ಈ ಹುಡುಗೀಗೆ ಗಂಡು ನೋಡಕ್ಕಾಗಲ್ಲ."

"ಹಂಗಾದ್ರೆ ಕಳಿಸ್ಬೇಡಿ ಅತ್ತೆ."

"ಕಳಿಸ್ದೇ ಇದ್ರೂ ಕೇಳ್ತಾರೆ, ಯಾಕೆ ಕಳಿಸ್ಲಿಲ್ಲ ಅಂತ."

ಗಾನವಿ ಎದ್ದು ನಿಂತಳು. ಅವಳ ಕಣ್ಣಿನಲ್ಲಿ ನೀರಿತ್ತು. ಅದು ತಾಯಿಗಾಗಿ ಎಂದು ಪ್ರತಿಮಾ ಒಂದು ಗಳಿಗೆ ನಂಬಿದಳು. "ಐದು ವರ್ಷ ಸುಳ್ಳು ಹೇಳಿದ್ಯಾ ನನಗೆ? ಅಥವಾ ಈಗ ಹೇಳ್ತಿದೀಯಾ? ನಾನು ಹೋಗ್ಬಾರ್ದು ಅಂತ ಈಗ ಹೇಳ್ತಿದೀಯ ಅಲ್ವಾ?"

ಭಾನುವಾರ ಹತ್ತು ಗಂಟೆ ಬಸ್ಸಿಗೆ ಅನಿತಾ ಬಂದಳು. ನಲವತ್ತರ ಹೆಂಗಸು, ಅಚ್ಚುಕಟ್ಟಾದ ಸೀರೆ, ಕೈಯಲ್ಲಿ ಫೈಲು. ಯಲ್ಲಮ್ಮನ ಕಾಲಿಗೆ ಎರಗಿದಳು. ಪ್ರತಿಮಾಳ ಕೈ ಹಿಡಿದುಕೊಂಡು, "ನಿಮ್ಮಂಥೋರಿಂದಲೇ ಕಣ್ರೀ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಧೈರ್ಯ ಬಂದಿರೋದು," ಎಂದಳು. ಕೈ ಮೆತ್ತಗಿತ್ತು, ಬೆಚ್ಚಗಿತ್ತು. ಬಿಡಿಸಿಕೊಳ್ಳಲು ಪ್ರತಿಮಾ ಸ್ವಲ್ಪ ಎಳೆಯಬೇಕಾಯಿತು.

ಕಾಫಿ ಆಯಿತು. ಪಾಸ್‌ಪೋರ್ಟ್ ತರಲು ಗಾನವಿ ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಬಟ್ಟೆಗಳನ್ನು ಹೊರಗೆ ಹಾಕಿದ ಸದ್ದಾಯಿತು. ಆಮೇಲೆ ಏನೂ ಸದ್ದಿಲ್ಲ. ಬಾಗಿಲಲ್ಲಿ ಬಂದು ನಿಂತವಳು ಬೇರೆ ಯಾರನ್ನೂ ನೋಡಲಿಲ್ಲ. ತಾಯಿಯನ್ನು ಮಾತ್ರ ನೋಡಿದಳು.

"ನನ್ನ ಹತ್ರ ಇದೆ," ಎಂದಳು ಪ್ರತಿಮಾ. "ಕೊಡಲ್ಲ."

"ಲೇ," ಎಂದ ತಿಪ್ಪೇಶ.

"ಅಲ್ಲಿ ನಿಂದು ಯಾರ ಹತ್ರ ಇರ್ತಿತ್ತಮ್ಮ?" ಎಂದು ಗಾನವಿ ಕೇಳಿದಳು. ದನಿ ಮೆತ್ತಗಿತ್ತು.

"ಮೇಡಂ ಹತ್ರ."

"ಹೂಂ," ಎಂದಳು ಗಾನವಿ.

ಪ್ರತಿಮಾಳಿಗೆ ಸೊಂಟದ ಹತ್ತಿರ, ಸೀರೆಯೊಳಗೆ ಸಿಕ್ಕಿಸಿಕೊಂಡಿದ್ದ ಪಾಸ್‌ಪೋರ್ಟಿನ ಮೂಲೆ ಚುಚ್ಚಿತು. ಆ ಕ್ಷಣ ಕೊಟ್ಟುಬಿಡುತ್ತಿದ್ದಳೇನೋ. ಆದರೆ ಅನಿತಾ ನಕ್ಕಳು. ಜಗಳವಾಡಲು ಬಂದವರ ನಗುವಲ್ಲ. ಇಂಥದ್ದನ್ನು ಎಷ್ಟೋ ಮನೆಯಲ್ಲಿ ನೋಡಿದವಳ ನಗು.

"ತಾಯಿ ಕರುಳು ಕಣ್ರೀ, ಹಂಗೇ ಇರುತ್ತೆ. ಇಟ್ಕೊಳ್ಲಿ ಬಿಡಿ. ಕಳೆದೋಯ್ತು ಅಂತ ಬರೆದುಕೊಟ್ರೆ ಹೊಸದು ಮಾಡಿಸಬಹುದು. ಗಾನವಿ, ನಾಲ್ಕು ಜೊತೆ ಬಟ್ಟೆ ತಗೊಂಡು ನನ್ ಜೊತೆ ಬಂದುಬಿಡು. ನಮ್ಮನೇಲೇ ಇರುವೆಯಂತೆ. ನಾಳೆಯಿಂದಲೇ ಓಡಾಡೋಣ. ಇಲ್ಲಿದ್ರೆ ದಿನಾ ಇದೇ ಮಾತು."

ಗಾನವಿ ತಂದೆಯ ಮುಖ ನೋಡಿದಳು. ತಿಪ್ಪೇಶ ಅಂಗಳದ ಕಡೆ ನೋಡಿದ. ಬೇಡ ಎನ್ನಲಿಲ್ಲ.

ಬಸ್ಸು ಬರುವ ಹೊತ್ತಿಗೆ ಗಾನವಿ, ಅನಿತಾ ಇಬ್ಬರೂ ಸ್ಟಾಪಿನಲ್ಲಿದ್ದರು. ಅವರು ಹೊರಟಾಗ ಪ್ರತಿಮಾ ಹೊಸ್ತಿಲ ಒಳಗೆ ನಿಂತಿದ್ದಳು. ಬಸ್ಸಿನ ಹಾರನ್ನು ಕೇಳಿದ ಮೇಲೆ ಯಾರನ್ನೂ ಕೇಳದೆ ಹೊಸ್ತಿಲು ದಾಟಿದಳು. ಯಲ್ಲಮ್ಮ ಹಿಂದಿನಿಂದ ಕೂಗಿದ್ದು ಕೇಳಿಸಿತು. ಚಪ್ಪಲಿ ಮೆಟ್ಟಿರಲಿಲ್ಲ. ಬಸ್ಸು ಕದಲುವಾಗ ಕಂಬಿ ಹಿಡಿದು ಹತ್ತಿಕೊಂಡಳು.

ಗಾನವಿ, ಅನಿತಾ ಮುಂದಿನ ಸೀಟಿನಲ್ಲಿದ್ದರು. ಗಾನವಿ ತಿರುಗಲಿಲ್ಲ. ಅವಳ ಜಡೆ, ಕಿವಿಯ ಹಿಂಭಾಗ ಮಾತ್ರ ಕಾಣುತ್ತಿತ್ತು.

"ಎಲ್ಲಿಗಮ್ಮ?" ಎಂದ ಕಂಡಕ್ಟರು.

"ತರೀಕೆರೆ."

"ಆಧಾರ್ ತೋರ್ಸಿ."

ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಕಾರ್ಡು ತೋರಿಸಿದರೆ ಸಾಕು ಎಂದು ಮನೆಯಲ್ಲಿ ಹೇಳಿದ್ದರು. ಕಾರ್ಡು ಮನೆಯಲ್ಲಿತ್ತು. ಅವಳ ಹತ್ತಿರ ಇದ್ದದ್ದು ಮಗಳ ಪಾಸ್‌ಪೋರ್ಟ್ ಒಂದೇ.

"ಇಲ್ಲ."

"ಹಂಗಾದ್ರೆ ದುಡ್ ಕೊಡಿ."

"ಅದೂ ಇಲ್ಲ."

"ಏನ್ ತಾಯಿ ನೀವು! ಮುಂದಿನ ಸ್ಟಾಪಲ್ಲಿ ಇಳ್ಕೊಳ್ಳಿ."

"ಇಳಿಯಲ್ಲ," ಎಂದಳು ಪ್ರತಿಮಾ. ದನಿ ಜೋರಾಗಿ ಬಂತು. ಬಸ್ಸಿನವರೆಲ್ಲ ತಿರುಗಿದರು. ಅವರಲ್ಲಿ ಊರಿನವರೇ ಆರೇಳು ಜನ. ಮಾರಮ್ಮ ಕಿಟಕಿ ಪಕ್ಕ ಕೂತಿದ್ದಳು. "ಮುಂದೆ ಕೂತಿರೋಳು ನನ್ನ ಮಗಳು. ಅವಳನ್ನ ಕುವೈತಿಗೆ ಕಳಿಸೋಕೆ ಕರ್ಕೊಂಡು ಹೋಗ್ತಾ ಇದಾರೆ. ನಾನು ಐದು ವರ್ಷ ಅಲ್ಲಿದ್ದೆ. ಹನ್ನೊಂದು ದಿನ ನನ್ನನ್ನ ಒಳಗೆ ಹಾಕಿ ಬೀಗ ಹಾಕಿದ್ರು."

ಮಾರಮ್ಮನ ಬಾಯಿ ತೆರೆದುಕೊಂಡಿತು. ಯಾರೋ ಫೋನು ಮೇಲೆತ್ತಿ ಹಿಡಿದರು.

ಆಗ ಗಾನವಿ ತಿರುಗಿದಳು. ಮುಖ ಕೆಂಪಾಗಿತ್ತು. "ಸುಮ್ನಿರಮ್ಮ! ಸುಮ್ನಿರು!" ಎಂದು ಚೀರಿದಳು. ಅನಿತಾ ಅವಳ ತೋಳು ಹಿಡಿದು ಕೂರಿಸಿ, ಕಿವಿಯಲ್ಲಿ ಏನೋ ಹೇಳಿದಳು. ಗಾನವಿ ಅವಳ ಭುಜಕ್ಕೆ ಹಣೆ ಒತ್ತಿಕೊಂಡಳು.

ಪ್ರತಿಮಾ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಂಬತ್ತನೇ ಮಹಡಿ, ಎಂದಳು. ಕಿಟಕಿ ತೆರೆಯೋ ಹಂಗಿರ್ಲಿಲ್ಲ, ಎಂದಳು. ಮುಂದಿನ ಸ್ಟಾಪು ಬಂತು. ಕಂಡಕ್ಟರು ಸೀಟಿ ಊದಲು ಮರೆತು ನಿಂತಿದ್ದ. ಮುಂದಿನ ಬಾಗಿಲು ತೆರೆದುಕೊಂಡಿತು. ಅನಿತಾ ಎದ್ದು, ಇಲ್ಲೇ ಇಳಿಯೋಣ ಬಾ ಎಂದು ಗಾನವಿಯ ಬ್ಯಾಗು ಎತ್ತಿಕೊಂಡಳು.