ಬಲಗಂಬದ ಮೂರು ಮೀಟರು

ರಂಗಸ್ವಾಮಿಯವರ ಹಳೇ ಡೀಸೆಲ್ ಕಾರಿನಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳು ಮಲಗಿ ಏಳು ವರ್ಷವಾಗಿತ್ತು. ಅದನ್ನು ಎಬ್ಬಿಸುವ ಅಗತ್ಯ ಅವರಿಗೆ ಕಂಡಿರಲಿಲ್ಲ. ಇಂಜಿನ್ನು ಕಾದಿದೆಯೋ ಇಲ್ಲವೋ ಎಂಬುದು ಓಡಿಸುವವನ ಪಾದಕ್ಕೇ ತಿಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಹೋದ ಬೇಸಿಗೆಯಲ್ಲಿ ಅರಕಲಗೂಡಿನ ಬೀಗರನ್ನು ಕೂರಿಸಿಕೊಂಡು ಚನ್ನರಾಯಪಟ್ಟಣಕ್ಕೆ ಮದುವೆಗೆ ಹೊರಟಾಗ ಪಾದ ಏನೂ ಹೇಳಲಿಲ್ಲ. ಬಾನೆಟ್ಟು ಹಬೆ ಬಿಟ್ಟು ಹೇಳಿತು. ಬೀಗರು ರೇಷ್ಮೆ ಪಂಚೆ ಎತ್ತಿಕಟ್ಟಿಕೊಂಡು ಮುಕ್ಕಾಲು ಮೈಲಿ ನಡೆದರು. ಮುಹೂರ್ತ ತಪ್ಪಿತು, ಊಟ ಸಿಕ್ಕಿತು.

ಈಗ ಮಗಳು ಸಿಂಧುವಿಗೆ ಏಳು ತಿಂಗಳು. ಅರಕಲಗೂಡಿನಲ್ಲಿ ಸೀಮಂತ ಮುಗಿಸಿ, ಚೊಚ್ಚಲ ಹೆರಿಗೆಗೆ ಅವಳನ್ನು ಹೊಳೆನರಸೀಪುರದ ತವರಿಗೆ ಕರೆತರಬೇಕು. ತನ್ನ ಕಾರಿನಲ್ಲೇ ಕರೆತರಬೇಕೆಂಬುದು ರಂಗಸ್ವಾಮಿಯವರ ಹಟ. ಅಳಿಯ ಹರ್ಷವರ್ಧನನ ಹತ್ತಿರ ಹೊಸ ಕಾರಿತ್ತು, ನಿಜ. ಆದರೆ ಅದರಲ್ಲಿ ಬಂದರೆ ಕರೆತಂದವನು ಅಳಿಯನಾಗುತ್ತಾನೆ. ಹೆತ್ತಪ್ಪ ಬರೀ ಗೇಟು ತೆಗೆದವನಾಗುತ್ತಾನೆ.

"ಬಸುರಿ ಎಂಗ್ಸುನ್ನ ಆ ಬಾಣಲೇಲಿ ಕೂರ್ಸ್ಕಂಡ್ ಬತ್ತೀರಾ?" ಎಂದರು ಹೆಂಡತಿ ಚಿಕ್ಕಲಕ್ಷ್ಮಮ್ಮ. "ಎಷ್ಟು ಕಾದದೆ ಅಂತ ನನ್ ಕಣ್ಗೆ ಕಾಣ್ಬೇಕು. ಕಂಡ್ರೆ ಓಗನ. ಇಲ್ದಿದ್ರೆ ಅಳಿಯಂದ್ರೇ ಕರ್ಕಂಡ್ ಬರ್ಲಿ, ನೀವು ಗೇಟ್ ತೆಗೀರಿ."

ಮೂವತ್ತೈದು ವರ್ಷ ಒಂದೇ ಮನೆಯಲ್ಲಿದ್ದರೆ ಮನಸ್ಸಿನ ಮಾತೂ ಗುಟ್ಟಾಗಿ ಉಳಿಯುವುದಿಲ್ಲ.

ಹಾಗಾಗಿ ಕಾರು ಹಾಸನಕ್ಕೆ, ವೈರಿಂಗ್ ಕೆಲಸದ ಮನೋಹರನ ಅಂಗಡಿಗೆ ಹೋಯಿತು. ಅವನು ಡಬ್ಬಿಯಿಂದ ಮೂರು ದುಂಡು ಮೀಟರು ತೆಗೆದಿಟ್ಟ: ನೀರಿನ ಬಿಸಿಗೊಂದು, ಆಯಿಲ್ ಪ್ರೆಷರಿಗೊಂದು, ಬ್ಯಾಟರಿಗೊಂದು. ಅವನ್ನು ಕೂರಿಸಲು ಮೂರು ಗೂಡಿನ ಕಪ್ಪು ಪ್ಲಾಸ್ಟಿಕ್ ಹೋಲ್ಡರು.

"ನಂಗೆ ಬಿಸೀದೊಂದೇ ಸಾಕಲ್ಲಪ್ಪ," ಎಂದರು ರಂಗಸ್ವಾಮಿ.

"ಓಲ್ಡರಲ್ಲಿ ಮೂರು ಗೂಡವೆ ಸಾ. ಎರಡು ಖಾಲಿ ಬುಟ್ರೆ ಪಾರಿವಾಳ ಬತ್ತವೆ."

ಮುಂಗಾಜಿನ ಬಲಕ್ಕೆ, ಬಾಗಿಲಿನ ಪಕ್ಕ ಇರುವ ಕಂಬಕ್ಕೆ ಹೋಲ್ಡರು ಕೂರಬೇಕು. ಮನೋಹರ ಮೊದಲು ರಟ್ಟಿನಲ್ಲಿ ಮೂರು ಬಿಲ್ಲೆ ಕತ್ತರಿಸಿ, ಅವುಗಳ ಮೇಲೆ ಸಣ್ಣಗೆ ನಂಬರು ಬರೆದು, ಅಂಟುಪಟ್ಟಿಯಲ್ಲಿ ಅಲ್ಲಿಗೆ ಹಚ್ಚಿದ.

"ದಿನಾ ಕೂರಂಗೆ ಕೂತ್ಕಳಿ ಸಾ. ಪಟ ತೆಗ್ಸೋರ್ ತರ ಸೆಟೀಬ್ಯಾಡಿ. ಕನ್ನಡಕ ಆಕ್ಕಳಿ. ಕಾಣ್ತದಾ?"

"ಕಾಣ್ತದೆ."

"ಏನ್ ಬರ್ದಿದೀನಿ?"

ರಂಗಸ್ವಾಮಿಯವರು ಕತ್ತು ಮುಂದೆ ಚಾಚಿದರು. ಬಿಲ್ಲೆಗಳು ನಾಲ್ಕು ಬೆರಳು ಕೆಳಗಿಳಿದವು. ಆಮೇಲೆ ಸ್ಟೇರಿಂಗು ಪೂರ್ತಿ ತಿರುಗಿಸಿ, ಕೈ ಅಡ್ಡ ಬರುವುದಿಲ್ಲವೆಂದು ನೋಡಿ, ಅವನು ಡ್ರಿಲ್ಲು ಕೈಗೆತ್ತಿಕೊಂಡ. ಕಂಬದೊಳಗಿನ ವೈರಿಗೆ ತಗಲದಂತೆ, ಎಷ್ಟು ಆಳಕ್ಕೆ ನಿಲ್ಲಬೇಕೋ ಅಲ್ಲಿಗೆ ಡ್ರಿಲ್ಲಿನ ಮೂತಿಗೆ ಒಂದು ಚೂರು ಟೇಪು ಸುತ್ತಿದ್ದ. ಇಪ್ಪತ್ತು ವರ್ಷ ಒಂದು ಗೀರು ಬೀಳದಂತೆ ನೋಡಿಕೊಂಡಿದ್ದ ಕಾರು. ರಂಗಸ್ವಾಮಿಯವರು ಎದುರಿನ ಹೋಟೆಲಿಗೆ ಹೋಗಿ, ಬೇಡದ ಕಾಫಿ ಕುಡಿದು, ಸದ್ದು ನಿಂತ ಮೇಲೆ ಬಂದರು. ಎರಡೇ ತೂತು. ಅವೂ ಹೋಲ್ಡರಿನ ಹಿಂದೆ ಮುಚ್ಚಿಹೋಗಿದ್ದವು.

ರೇಡಿಯೇಟರಿನ ಮೇಲಿನ ಪೈಪಿಗೆ ಬಿಸಿ ಅಳೆಯುವ ಸೆನ್ಸರು ಕೂರಿಸಿ, ವೈರು ಎಳೆದು, ಮನೋಹರ ಕಾರು ಸ್ಟಾರ್ಟ್ ಮಾಡಿಸಿದ. ಮುಳ್ಳು ನಲವತ್ತರಿಂದ ಮೆಲ್ಲಗೆ ಎದ್ದಿತು. ಕೂಸು ಮೊದಲ ಸಲ ಮಗುಚಿಕೊಳ್ಳುವುದನ್ನು ನೋಡುವವರ ಹಾಗೆ ರಂಗಸ್ವಾಮಿಯವರು ಉಸಿರು ಬಿಗಿಹಿಡಿದಿದ್ದರು. ಎಂಬತ್ತೆರಡಕ್ಕೆ ಬಂದು ನಿಂತಿತು. ವಾಪಸು ಬರುವಾಗ ಮೊಸಳೆ ಎಂಬ ಊರಿನವರೆಗೂ ರಸ್ತೆಗಿಂತ ಮೀಟರನ್ನೇ ಹೆಚ್ಚು ನೋಡಿದರು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರು ದಾಟುವಾಗ ಏನೋ ಅಂದ. ಅದು ಅಚ್ಚು ಹಾಕುವಂಥದ್ದಲ್ಲ.

ಸೀಮಂತದ ದಿನ ಬೆಳಿಗ್ಗೆ ಕಾರಿಗೆ ಪೂಜೆ. ಚಿಕ್ಕಲಕ್ಷ್ಮಮ್ಮ ಹೊಸದಾಗಿ ಮನೆಗೆ ಬಂದ ಯಾವುದನ್ನೂ ಬರಿಹಣೆಯಲ್ಲಿ ಬಿಡುವವರಲ್ಲ, ಫ್ರಿಜ್ಜನ್ನೂ ಬಿಟ್ಟಿರಲಿಲ್ಲ. ಮೂರು ಮೀಟರಿನ ಗಾಜಿಗೂ, ಹಣೆಯಿರಬೇಕಾದ ಕಡೆ, ಒದ್ದೆ ಅರಿಸಿನ ಹಚ್ಚಿ, ಅದರ ನಡುವೆ ಕುಂಕುಮ ಇಟ್ಟರು. ಬಿಸಿಯ ಮೀಟರಿನ ಮೇಲೆ ಭಕ್ತಿ ಹೆಚ್ಚಿದ್ದರಿಂದ ಬೊಟ್ಟೂ ದೊಡ್ಡದಾಯಿತು. ಎರಡು ಮೈಲಿ ಹೋದ ಮೇಲೆ ರಂಗಸ್ವಾಮಿಯವರಿಗೆ ಅರಿವಾಯಿತು: ಮುಳ್ಳಿನ ಬುಡ ಕಾಣುತ್ತದೆ, ತುದಿ ಬೊಟ್ಟಿನ ಅಡಿಗೆ ಸೇರಿದೆ.

ಕಾರು ನಿಲ್ಲಿಸಿ ಕರವಸ್ತ್ರ ತೆಗೆದರು.

"ಮುಟ್ಟೀರಿ ಮತ್ತೆ!" ಎಂದರು ಚಿಕ್ಕಲಕ್ಷ್ಮಮ್ಮ. "ಬಸುರೀನ ಕರ್ಯಕ್ಕೋಗ್ತಾ ಕುಂಕುಮ ಅಳಿಸ್ತಾರಾ ಯಾರಾರಾ?"

"ಲೇ, ನಿನ್ ಕಣ್ಗೆ ಕಾಣ್ಲಿ ಅಂತ್ಲೇ ಆಕ್ಸಿದ್ದು ಕಣೆ!"

"ಅದ್ಕೇ ಅಂತ ಅಳಿಸ್ಬೇಕಾ?"

ರಂಗಸ್ವಾಮಿಯವರು ಕರವಸ್ತ್ರ ಜೇಬಿಗಿಟ್ಟು ಮನೋಹರನಿಗೆ ಫೋನು ಮಾಡಿದರು. ಅವನು ನಗುವುದು ಮುಗಿಸಿ ಕೇಳಿದ: "ಬೊಟ್ಟಿನ ಎಡಕ್ಕೆ ಯಾವ ನಂಬರ್ ಕಾಣ್ತದೆ ಸಾ?"

"ಎಪ್ಪತ್ತು."

"ಬಲಕ್ಕೆ?"

"ನೂರು."

"ಇನ್ನೇನ್ ಬೇಕು? ಬೊಟ್ಟಿನೊಳ್ಗೆ ಇರೋಗಂಟ ಓಡ್ಸಿ. ನೂರರ ಕಡೆ ಮೂತಿ ತೂರ್ಸುದ್ರೆ ನಿಲ್ಸಿ. ನಾನು ಗುರ್ತು ಆಕಿದ್ರೂ ಅಲ್ಲೇ ಆಕ್ತಿದ್ದೆ. ಅಮ್ಮಾರ್ನ ನಮ್ ಅಂಗ್ಡಿಗೆ ಕಳ್ಸಿ, ಕೆಲ್ಸ ಕೊಡ್ತೀನಿ."

ಅಂದಿನಿಂದ ಮೀಟರಿನ ಉಸ್ತುವಾರಿ ಚಿಕ್ಕಲಕ್ಷ್ಮಮ್ಮನವರದಾಯಿತು. ಎಡಸೀಟಿನಿಂದ ಬಾಗಿ ನೋಡಿ, ಮೈಲಿಗೊಮ್ಮೆ "ಒಳಗೈತೆ" ಎನ್ನುತ್ತ ಅರಕಲಗೂಡು ತಲುಪಿದರು.

ಸೀಮಂತ ಚೆನ್ನಾಗಿ ಆಯಿತು. ಸೊಸೆಯನ್ನು ಕಳಿಸಿಕೊಡುವಾಗ ಬೀಗರು ಹಳೆಯ ಮುಕ್ಕಾಲು ಮೈಲಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ದೊಡ್ಡ ಮನಸ್ಸಿನಿಂದ ಮೂರು ಮಾರು ಸೇವಂತಿಗೆ ಹಾರವನ್ನು ಕಾರಿನ ಮೂತಿಗೆ ಮೂರು ಸುತ್ತು ಬಿಗಿದರು. ಸಿಂಧು ಹಿಂದಿನ ಸೀಟಿನಲ್ಲಿ ಕೂತಳು. ಮಡಿಲಕ್ಕಿಯ ಗಂಟು ಡಿಕ್ಕಿಗೆ ಹೋಯಿತು. ಹರ್ಷವರ್ಧನ ತನ್ನ ಹೊಸ ಕಾರಿನಲ್ಲಿ ಹಿಂದಿನಿಂದ ಬಂದ, ಏನಾದರೂ ಆದರೆ ಇರಲಿ ಎಂದು. ಆ "ಏನಾದರೂ" ಎಂಬ ಮಾತು ರಂಗಸ್ವಾಮಿಯವರ ಕಿವಿಯಲ್ಲೇ ಕೂತಿತ್ತು.

ಎಂಟನೇ ಮೈಲಿಯ ಏರಿನಲ್ಲಿ ಚಿಕ್ಕಲಕ್ಷ್ಮಮ್ಮ ಎಂದರು: "ಮೂತಿ ಬಂತು."

"ಎಲ್ಲಿ?"

"ಆಚೆಗ್ ಬಂತು ಅಂತೀನಿ!"

ಏರು ಇನ್ನು ಒಂದೇ ಫರ್ಲಾಂಗು. ಆಮೇಲೆ ಇಳಿಜಾರು. ಕನ್ನಡಿಯಲ್ಲಿ ಅಳಿಯನ ಕಾರು ತಣ್ಣಗೆ ಹೊಳೆಯುತ್ತಿತ್ತು. ಹತ್ತಿಸಿಬಿಟ್ಟರೆ ಅವನಿಗೆ ಏನೂ ತಿಳಿಯುವುದಿಲ್ಲ. ಹೋದ ಬೇಸಿಗೆಯಲ್ಲೂ ಏನೂ ಆಗುವುದಿಲ್ಲ ಎಂದೇ ಅಂದುಕೊಂಡಿದ್ದರು. ಹಿಂದೆ ಸಿಂಧು ಹೊಟ್ಟೆಯ ಮೇಲೆ ಕೈಯಿಟ್ಟು ಏನೋ ಗುನುಗುತ್ತಿದ್ದಳು. ರಂಗಸ್ವಾಮಿಯವರು ಕಾರನ್ನು ಹುಣಸೆಮರದ ನೆರಳಿಗೆ ತಂದು ನಿಲ್ಲಿಸಿದರು.

ಹರ್ಷವರ್ಧನ ಇಳಿದು ಬಂದ. "ಸಿಂಧು ನಮ್ಮ ಕಾರಲ್ಲಿ ಬರ್ಲಿ ಬಿಡಿ ಮಾವ. ಏಸಿ ಇದೆ."

ರಂಗಸ್ವಾಮಿಯವರು ಕಾರಿನ ಮೂತಿಯ ಕಡೆಗೆ ಹೋಗಿ ಬಗ್ಗಿ ನೋಡಿದರು. ಹಬೆಯಿಲ್ಲ, ಸೋರಿಕೆಯಿಲ್ಲ. ರೇಡಿಯೇಟರಿಗೆ ಗಾಳಿ ಹೋಗುವ ಜಾಲರಿ ಮಾತ್ರ ಸೇವಂತಿಗೆಯ ಹಿಂದೆ ಪೂರ್ತಿ ಮುಚ್ಚಿಹೋಗಿತ್ತು. ಬೀಗರು ಇಂಜಿನ್ನಿಗೆ ಕಂಬಳಿ ಹೊದಿಸಿ ಕಳಿಸಿದ್ದರು.

"ಅಳಿಯಂದ್ರೆ, ನಿಮ್ಮಪ್ಪಾಜಿ ಪ್ರೀತಿ ಒಸಿ ಜಾಸ್ತಿಯಾಗದೆ," ಎಂದು ಅವರು ಗಂಟು ಬಿಚ್ಚತೊಡಗಿದರು. ಹರ್ಷವರ್ಧನ ನಕ್ಕು ಇನ್ನೊಂದು ತುದಿ ಹಿಡಿದ.

ಇಂಜಿನ್ನು ನಿಂತಲ್ಲೇ ಗುರುಗುಡುತ್ತಿತ್ತು. ಐದು ನಿಮಿಷದಲ್ಲಿ ಒಳಗಿನಿಂದ ಚಿಕ್ಕಲಕ್ಷ್ಮಮ್ಮ ಕೂಗಿದರು: "ಒಳಕ್ಕೋಯ್ತು!"

ನೆರಳಿನಲ್ಲಿ ಕೋಡುಬಳೆ ತಿನ್ನುತ್ತಿದ್ದ ಸಿಂಧು ಎದ್ದಳು. "ಅವ್ವ, ನಾನೀಗ ಯಾವ ಕಾರ್ ಅತ್ಲಿ?"

ರಂಗಸ್ವಾಮಿಯವರು ಹಾರ ಸುತ್ತುವುದರಲ್ಲಿ ಬಹಳ ಮಗ್ನರಾದರು.

ಚಿಕ್ಕಲಕ್ಷ್ಮಮ್ಮ ಕೆಳಗಿಳಿದು ಅಳಿಯನತ್ತ ತಿರುಗಿದರು. "ನಿಮ್ ಕಾರು ಈಗ ಎಷ್ಟು ಕಾದದೆ?"

ಹರ್ಷವರ್ಧನ ಹೋಗಿ ತನ್ನ ದೊಡ್ಡ ಪರದೆಯನ್ನು ನಾಲ್ಕು ಕಡೆ ಒತ್ತಿ ನೋಡಿದ. ಹಾಡಿನ ಹೆಸರು ಬಂತು, ನಾಳೆಯ ಹವಾಮಾನ ಬಂತು. "ಡಿಗ್ರಿ ತೋರ್ಸಲ್ಲ ಅತ್ತೆ. ಜಾಸ್ತಿ ಆದ್ರೆ ಕೆಂಪು ಲೈಟ್ ಬರುತ್ತೆ."

"ಕಾದ್ಮೇಲೆ ಬಂದು ಏನ್ ಪ್ರಯೋಜ್ನ?" ಎಂದು ಅವರು ಹಿಂದಿನ ಬಾಗಿಲು ತೆಗೆದರು. "ಅತ್ತು ಮಗ. ಅಪ್ಪಾಜಿ ನಿಲ್ಸೋದು ಕಲ್ತವ್ರೆ."

ಸಿಂಧು ಹಾರವನ್ನು ತಲೆದಿಂಬು ಮಾಡಿಕೊಂಡು ಹತ್ತು ನಿಮಿಷದಲ್ಲಿ ನಿದ್ದೆ ಹೋದಳು. ರಂಗಸ್ವಾಮಿಯವರು ಊರಿನವರೆಗೂ ನಲವತ್ತರ ವೇಗವನ್ನು ಮೀರಲಿಲ್ಲ. ಅಳಿಯನೂ ಹಿಂದೆ ನಲವತ್ತರಲ್ಲೇ ಬಂದ. ಮಾವನನ್ನು ದಾಟಿ ಹೋಗುವುದು ಹೇಗೆ?