ಡಿಸ್ಕಿಗಿಳಿಯದ ದೋಣಿ

ಕರೆಂಟು ತೆಗೆಯುವುದೇ ಜೀವಿತಾಳ ಕೆಲಸ. ಅವಳಿದ್ದ ಕೊಚ್ಚಿಯ ಕಂಪನಿ, ಫೈಲುಗಳನ್ನು ಹತ್ತಾರು ಯಂತ್ರಗಳಲ್ಲಿ ತುಂಡುತುಂಡಾಗಿ ಹಂಚಿಡುವ ವ್ಯವಸ್ಥೆಯೊಂದನ್ನು ಮಾಡಿ ಮಾರುತ್ತಿತ್ತು. ಯಾವ ಫೈಲಿನ ತುಂಡು ಎಲ್ಲಿದೆ ಎಂಬ ಮಾಹಿತಿ ಮೊದಲು ಜರ್ನಲ್ ಎಂಬ ದಾಖಲೆಪಟ್ಟಿಗೆ ಸೇರಬೇಕು, ಜರ್ನಲ್ ಕರೆಂಟು ಹೋದರೂ ಅಳಿಯದ ಡಿಸ್ಕಿಗೆ ಇಳಿಯಬೇಕು, ಆಮೇಲಷ್ಟೇ ‘ಉಳಿಸಿದೆ’ ಎಂಬ ಉತ್ತರ ಹೋಗಬೇಕು. ಜೀವಿತಾ ಬರೆದಿದ್ದ ಪರೀಕ್ಷೆ ತಾನಾಗಿಯೇ ಓಡುತ್ತಿತ್ತು. ಉತ್ತರ ಬಂದ ಕೂಡಲೇ ಯಂತ್ರದ ವಿದ್ಯುತ್ತು ಕಡಿದು, ಮತ್ತೆ ಎಬ್ಬಿಸಿ, ಎಲ್ಲ ಫೈಲೂ ಉಳಿದಿವೆಯೇ ಎಂದು ನೋಡುತ್ತಿತ್ತು.

ಸಾಮಾನ್ಯವಾಗಿ ಉಳಿದಿರುತ್ತಿದ್ದವು. ಅಪರೂಪಕ್ಕೊಮ್ಮೆ ಕೆಲವು ಮಾಯವಾಗಿರುತ್ತಿದ್ದವು. ಅಂದರೆ ಜರ್ನಲ್ ಇಳಿಯುವ ಮುಂಚೆಯೇ ಉತ್ತರ ಹೋಗಿರುತ್ತಿತ್ತು.

ಜರ್ನಲ್ ಭಾಗ ಬರೆದವನು ಕಾಸರಗೋಡಿನ ಅಶ್ರಫ್. ಆಫೀಸಿನಲ್ಲಿ ಮೈಸೂರಿನ ಜೀವಿತಾಳಿಗೆ ಕನ್ನಡ ಮಾತಾಡಲು ಇದ್ದವನು ಅವನೊಬ್ಬನೇ. ವ್ಯವಸ್ಥೆಯ ಬಿಡುಗಡೆಯ ದಿನ ಹತ್ತಿರವಾದಾಗ ಅವನು ಪರೀಕ್ಷೆಗೆ ಒಂದು ಸಾಲು ಸೇರಿಸಿದ: ಕರೆಂಟು ಕಡಿಯುವ ಮುಂಚೆ ಹತ್ತು ಸೆಕೆಂಡು ಕಾಯಬೇಕು.

“ಇದೇನೋ ಮಾಡಿದೆ? ಕಾದ್ರೆ ಜರ್ನಲ್ ಇಳಿದೇ ಇಳಿಯುತ್ತೆ. ಕರೆಂಟೇನು ನಮಗೆ ಹೇಳಿ ಹೋಗುತ್ತಾ?” ಎಂದಳು ಜೀವಿತಾ.

“ನಮ್ಮ ಟೆಸ್ಟಿನ ಮೆಷಿನುಗಳೇ ನಿಧಾನ ಮಾರಾಯ್ತಿ. ಇದೊಂದು ಬಿಡುಗಡೆ ಆಗ್ಲಿ, ಮತ್ತೆ ಸರಿಯಾಗಿ ನೋಡುವ.”

ತಂಡದ ಮುಖ್ಯಸ್ಥ ವಿನಯ್ ಆ ಸಾಲಿಗೆ ಒಪ್ಪಿಗೆ ಕೊಟ್ಟ. ಜೀವಿತಾ ಮೀಟಿಂಗಿನಲ್ಲಿ ಒಮ್ಮೆ ಬೇಡವೆಂದಳು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ಸುಮ್ಮನಾದಳು. ಪರೀಕ್ಷೆ ಪಾಸಾಗಿ ಪರದೆ ಹಸಿರಾಯಿತು.

ವ್ಯವಸ್ಥೆಯನ್ನು ಕೊಂಡದ್ದು ತಿರುವನಂತಪುರದ ಒಂದು ಖಾಸಗಿ ಸಂಸ್ಥೆ. ಮೀನು ಹಿಡಿಯುವ ಬೋಟುಗಳು ಸಮುದ್ರದಲ್ಲಿ ಎಲ್ಲಿವೆ ಎಂದು ತಿಳಿಸುವ ಸಂಕೇತಗಳನ್ನು ಅದು ಕೂಡಿಡುತ್ತಿತ್ತು. ಮುಂಗಾರಿಗೆ ಮುಂಚೆಯೇ ಎದ್ದ ಬಿರುಗಾಳಿಯ ದಿನ ನೂರಾರು ಬೋಟುಗಳ ಸಂಕೇತ ಒಮ್ಮೆಲೇ ನುಗ್ಗಿ ಬಂತು. ಹೊರೆ ತಡೆಯದೆ ಜರ್ನಲ್ ಹಿಂದೆ ಬಿತ್ತು. ಆದರೂ ಎಲ್ಲದಕ್ಕೂ ‘ಉಳಿಸಿದೆ’ ಎಂಬ ಉತ್ತರ ಹೋಗುತ್ತಲೇ ಇತ್ತು. ಸಂಜೆ ಕಟ್ಟಡದ ಕರೆಂಟು ಹೋಯಿತು. ಜನರೇಟರು ಹತ್ತಲಿಲ್ಲ. ಯಂತ್ರಗಳು ಮತ್ತೆ ಎದ್ದಾಗ, ಮಧ್ಯಾಹ್ನದಿಂದೀಚಿನ ಒಂದು ಫೈಲೂ ಪಟ್ಟಿಯಲ್ಲಿರಲಿಲ್ಲ.

ಅಷ್ಟರಲ್ಲಿ ಫೋರ್ಟ್ ಕೊಚ್ಚಿಯ ಜೋಸೆಫನ ಬೋಟು ಮಗುಚಿ ಅದರ ಸಂಕೇತ ಕಳಿಸುವ ಯಂತ್ರ ಮೂಕವಾಗಿತ್ತು. ಜೊತೆಗೆ ಇನ್ನಿಬ್ಬರಿದ್ದರು. ಪರದೆಯ ಮೇಲೆ ಉಳಿದದ್ದು ಮಧ್ಯಾಹ್ನದ ಜಾಗ. ಮರುದಿನ ಹುಡುಕುವ ಹಡಗುಗಳು ಅಲ್ಲಿಗೇ ಹೋಗಿ ಬರಿಯ ನೀರು ನೋಡಿದವು.

ಬೆಳಗಾಗುತ್ತಲೇ ಜೀವಿತಾಳೂ ಅಶ್ರಫನೂ ಕೊಚ್ಚಿಯ ವೈಟ್ಟಿಲದಲ್ಲಿ ಕಂಪನಿಯ ಕಾರು ಹತ್ತಿದರು. ಮರ ಬಿದ್ದ ರಸ್ತೆಗಳನ್ನು ಸುತ್ತಿ ತಿರುವನಂತಪುರ ಮುಟ್ಟುವಾಗ ಹೊತ್ತು ನೆತ್ತಿಗೇರಿತ್ತು. ನಿಯಂತ್ರಣ ಕೊಠಡಿಯ ಹೊರಗೆ ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಅದೇ ಊರಿನ ಕಾಲೇಜಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಜೋಸೆಫನ ಮಗಳು ಗ್ರೀಷ್ಮಾ.

“ಚೇಚಿ, ಅಪ್ಪ ಅಲ್ಲಿರೋದಿಲ್ಲ,” ಎಂದಳು ಜೀವಿತಾಳಿಗೆ, ಅಕ್ಕಾ ಎಂದು ಕರೆಯುವಂತೆ, ಮಲಯಾಳದಲ್ಲಿ. “ಗಾಳಿ ಎದ್ದರೆ ಅವರು ತೆಂಕಣ ದಡಕ್ಕೆ ತಿರುಗಿಸ್ತಾರೆ. ಹೇಳಿದರೆ ಇವರು ಪರದೆ ತೋರಿಸ್ತಾರೆ.”

ಪಟ್ಟಿಯಿಂದ ಫೈಲುಗಳ ಹೆಸರು ಅಳಿದಿದ್ದರೂ ಅವುಗಳ ತುಂಡುಗಳು ಡಿಸ್ಕುಗಳಲ್ಲೇ ಇದ್ದವು. ಅನಾಥವಾಗಿ ಬಿದ್ದಿದ್ದ ಅವುಗಳನ್ನು ಒಂದೊಂದಾಗಿ ತೆರೆದು ಬೋಟಿನ ನಂಬರು ಹುಡುಕುತ್ತ ಇಬ್ಬರೂ ನೀರು ಕೂಡ ಕುಡಿಯದೆ ಕೂತರು. ಸಿಕ್ಕಾಗ ಅಶ್ರಫ್ ಕೂಗಲಿಲ್ಲ, ಬೆರಳಿಟ್ಟು ತೋರಿಸಿದ. ಜೋಸೆಫ್ ತೆಂಕಣಕ್ಕೇ ತಿರುಗಿಸಿದ್ದ.

ಆ ಜಾಗ ತಿಳಿಸಿದ ಮೇಲೆ, ಹೊತ್ತು ಮುಳುಗುವ ಮುಂಚೆ ಹಡಗಿಗೆ ಬೋಟು ಕಂಡಿತು. ಒಬ್ಬ ಬದುಕಿದ್ದ. ಇನ್ನೊಬ್ಬ ಸಿಗಲೇ ಇಲ್ಲ. ಜೋಸೆಫನ ಹೆಣ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ಅಂದು ಮಧ್ಯಾಹ್ನದವರೆಗೂ ಅವನು ಮಾತಾಡುತ್ತಿದ್ದನೆಂದು ಬದುಕಿದವನು ಹೇಳಿದ.

ಮರುದಿನ ಶವಾಗಾರದ ಮುಂದೆ, ಕೊಚ್ಚಿಯಿಂದ ಬಂದಿದ್ದ ವಿನಯ್ ಜೀವಿತಾಳನ್ನು ಪಕ್ಕಕ್ಕೆ ಕರೆದ. “ಬಿರುಗಾಳಿಯಿಂದಾದ ತಾಂತ್ರಿಕ ತೊಂದರೆ. ಯಾರು ಕೇಳಿದರೂ ಇಷ್ಟೇ,” ಎಂದ.

ಕೇಳಿದವಳು ಗ್ರೀಷ್ಮಾ. “ಚೇಚಿ, ನಿನ್ನೆ ಬೆಳಗ್ಗೆಯೇ ಆ ಜಾಗ ಗೊತ್ತಿದ್ದರೆ?”

ಜೀವಿತಾ ತನ್ನ ಅರೆಬರೆ ಮಲಯಾಳದಲ್ಲೇ “ಬದುಕಿಸಬಹುದಿತ್ತು,” ಎಂದಳು. “ಕರೆಂಟು ಹೋದರೂ ಅದು ಉಳೀಬೇಕಿತ್ತು. ಉಳಿಯಲ್ಲ ಅಂತ ನಮಗೆ ಮೊದಲೇ ಗೊತ್ತಿತ್ತು.”

ಗ್ರೀಷ್ಮಾ ಅಳಲಿಲ್ಲ, ಬೈಯಲಿಲ್ಲ. “ಇದನ್ನ ಪೊಲೀಸರ ಮುಂದೆ ಹೇಳ್ತೀರಾ?”

“ಹೇಳ್ತೀನಿ.”

ಠಾಣೆಯ ಮೆಟ್ಟಿಲ ಬಳಿ ಅಶ್ರಫ್ ನಿಂತಿದ್ದ. ಅವಳು ಹೇಳಿದ್ದನ್ನು ಕೇಳಿಸಿಕೊಂಡು ಮುಂಚೆಯೇ ಬಂದಿರಬೇಕು. ಕಣ್ಣು ಕೆಂಪಾಗಿ, ಗಡ್ಡ ಬೆಳೆದು, ಒಂದೇ ಸಲಕ್ಕೆ ವಯಸ್ಸಾದವನಂತಿದ್ದ.

“ಕೆಲಸ ಹೋಗ್ತದೆ, ಇಬ್ಬರದ್ದೂ,” ಎಂದ.

“ಹೋಗ್ಲಿ ಬಿಡು.”

“ನನ್ನ ಹೆಸರು ಹೇಳ್ತೀಯಾ?”

“ಹೇಳ್ಬೇಕಲ್ಲ ಅಶ್ರಫ್. ನನ್ನದೂ ಹೇಳ್ತೀನಿ, ವಿನಯ್‌ದೂ ಹೇಳ್ತೀನಿ.”

ಅವನು ತಲೆಯಾಡಿಸಿದ. “ನೀನು ಹೇಳುದು ಬೇಡ. ನಾನೇ ಹೇಳ್ತೇನೆ,” ಎಂದು ಠಾಣೆಯಲ್ಲಿ ಬಿಡಬೇಕಾಗಿರದಿದ್ದರೂ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದ.